ದೇವರಿಲ್ಲದ ಚಿತ್ರಕ್ಕೆ ತೆಂಗಿನಕಾಯಿ

ಮದ್ದೂರಿನ ಒಂದು ಬೆಲ್ಲದ ಉಗ್ರಾಣದಲ್ಲಿ ಬಾಗಿಲು ಹಾಕಿಕೊಂಡು, ಕಿಟಕಿಗಳಿಗೆ ಒದ್ದೆ ಗೋಣಿತಾಟು ಇಳಿಬಿಟ್ಟು, ಹಾಡಹಗಲೇ ಕತ್ತಲು ಮಾಡಿಕೊಂಡು ನಾವು ನಾಲ್ಕು ಜನ ಆ ಚಿತ್ರವನ್ನು ಮೊದಲ ಸಲ ನೋಡಿದೆವು. ಡೇರೆ ಸಿನಿಮಾದ ಯಜಮಾನರು ಗೋಡೆಗೆ ಒರಗಿಸಿದ ಕುರ್ಚಿಯಲ್ಲಿದ್ದರು. ಯಂತ್ರದ ಪಕ್ಕದಲ್ಲಿ ಅದನ್ನು ನಡೆಸುವ ಮಿಸ್ತ್ರಿ ಸಾಬರು ನಿಂತಿದ್ದರು. ಬೆಲ್ಲದ ಮೂಟೆಗಳ ಮೇಲೆ ನನ್ನ ಸೋದರಮಾವ, ಅವರ ಕಾಲ ಬುಡದಲ್ಲಿ ನಾನು. ಬೆಲ್ಲಕ್ಕೆ ಮುತ್ತಿದ್ದ ನೊಣಗಳನ್ನೂ ಸೇರಿಸಿಕೊಂಡರೆ ಸಭೆ ತುಂಬಿತ್ತು ಎನ್ನಬಹುದು. ಯುದ್ಧದ ಕಾಲ ಅದು, ಸೀಮೆಎಣ್ಣೆಗೂ ಪರದಾಟ. ಅಂಥದರಲ್ಲಿ ಯಜಮಾನರು ಎಣ್ಣೆ ಹೊಂದಿಸಿ, ಹೊರಗೆ ಇಂಜಿನ್ನು ಗುಡುಗುಡಿಸಿ, ನಮಗಾಗಿ ಹಗಲು ಆಟ ಹಾಕಿಸಿದ್ದರು ಎಂದರೆ ಬೆಂಗಳೂರಿನಿಂದ ಬಂದ ರೀಲಿನ ಪೆಟ್ಟಿಗೆಯೊಳಗೆ ಏನಿದೆಯೋ ಎಂಬ ಅನುಮಾನ ಅವರಿಗೆ ಹತ್ತಿತ್ತು ಎಂದೇ ಅರ್ಥ.

ಯಜಮಾನರದು ಮನೆತನದಿಂದ ಬಂದ ಬೆಲ್ಲದ ವ್ಯಾಪಾರ. ಸಿನಿಮಾದ ಹುಚ್ಚು ಹತ್ತಿ ಡೇರೆ, ಯಂತ್ರ, ಇಂಜಿನ್ನು ಕೊಂಡು ಮದ್ದೂರು, ಮಂಡ್ಯ, ಮಳವಳ್ಳಿ ಅಂತ ಸುತ್ತಿಸುತ್ತಿದ್ದರು. ಕೆಟ್ಟ ಮನುಷ್ಯ ಅಲ್ಲ. ಊಟದ ಹೊತ್ತಿಗೆ ಎದುರಿಗೆ ಸಿಕ್ಕವರನ್ನು ಬಿಟ್ಟು ಎಲೆಯ ಮುಂದೆ ಕೂತವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ವಿಷಯದಲ್ಲಿ ಹೇಳುವುದೆಲ್ಲ ಹೇಸಿಗೆಯ ಮಾತೇ. ನನ್ನ ವಿಷಯದಲ್ಲೂ ಅಷ್ಟೇ.

ಮಾವ ಕೂಲಿಮಠದ ಐಗಳು. ಮರಳಿನ ಮೇಲೆ ಅಕ್ಷರ ತಿದ್ದಿಸಿ ಒಂದು ತಲೆಮಾರಿಗೇ ಓದು ಕಲಿಸಿದವರು. ಊರಿಗೆ ಸರ್ಕಾರಿ ಸ್ಕೂಲು ಬಂದು ಮಠ ಮುಚ್ಚಿದ ಮೇಲೆ ಅವರಿಗೆ ಎರಡು ಕೆಲಸ ಉಳಿದವು. ಒಂದು, ಶ್ರಾವಣ ಮಾಸದಲ್ಲಿ ಮಳವಳ್ಳಿಯ ಒಂದು ದೇವಸ್ಥಾನದ ಜಗಲಿಯ ಮೇಲೆ ತಿಂಗಳುದ್ದಕ್ಕೂ ಪುರಾಣ ಓದಿ ಅರ್ಥ ಹೇಳುವುದು. ಅದು ಅವರ ಅಪ್ಪನ ಕಾಲದಿಂದ ಬಂದದ್ದು. ಇನ್ನೊಂದು, ಯಜಮಾನರ ಡೇರೆಯಲ್ಲಿ ಬಿಳಿ ಪರದೆಯ ಪಕ್ಕ ಉದ್ದನೆಯ ಬೆತ್ತ ಹಿಡಿದು ನಿಂತು ಚಿತ್ರದ ಕತೆ ಬಿಡಿಸುವುದು. ಡೇರೆಗೆ ಇಂಗ್ಲಿಷಿನ ಚಿತ್ರವೂ ಬರುತ್ತಿತ್ತು, ಹಿಂದಿಯದೂ ಬರುತ್ತಿತ್ತು. ಅವರು ಏನು ಮಾತಾಡಿದರು, ಯಾಕೆ ಅತ್ತರು ಅಂತ ಜನಕ್ಕೆ ಯಾರಾದರೂ ಹೇಳಬೇಡವೇ? ಮಾವ ಹೇಳುತ್ತಿದ್ದರು. ಹೇಳಿದರೆ ಪರದೆ ಮೇಲಿನ ದೊರೆಸಾನಿಯೂ ಪಕ್ಕದ ಯಲಿಯೂರಿನ ಸೊಸೆಯ ಹಾಗೆ ಕಾಣುತ್ತಿದ್ದಳು.

ಜಗಲಿಯಲ್ಲಾಗಲಿ ಡೇರೆಯಲ್ಲಾಗಲಿ ಜನ ಅವರ ಮಾತನ್ನು ಒಂದೇ ನಂಬಿಕೆಯಿಂದ ಕೇಳುತ್ತಿದ್ದರು. "ಐನೋರು ಯೋಳಿದ್ರೆ ಮುಗೀತು ಕಣ್ಲಾ, ಅದ್ರಲ್ಲಿ ಸುಳ್ಳಿರಾಕಿಲ್ಲ" ಎನ್ನುತ್ತಿದ್ದರು. ಹೊಲವಿಲ್ಲ, ಗದ್ದೆಯಿಲ್ಲ, ಆ ಒಂದು ಮಾತೇ ಮಾವನ ಆಸ್ತಿ.

ನಾನು ಕನ್ನಡ ಕಲಿತದ್ದು ಅವರ ಬಾಯಿಂದ, ಅವರ ತಾಯಿಯಾದ ನನ್ನ ಅಜ್ಜಿಯ ಬಾಯಿಂದ. ಮಂಡ್ಯದಲ್ಲಿ ಹೈಸ್ಕೂಲು ಮುಗಿಸಿದ್ದೆ, ಇಂಗ್ಲಿಷು ಅರ್ಧಂಬರ್ಧ ಬರುತ್ತಿತ್ತು, ಮದುವೆಯಾಗಿತ್ತು, ನೌಕರಿ ಇರಲಿಲ್ಲ. ಯಜಮಾನರು ನನ್ನನ್ನು ಎರಡು ಕೆಲಸಕ್ಕೆ ಇಟ್ಟುಕೊಂಡಿದ್ದರು: ಇಂಗ್ಲಿಷಿನ ಮಾತನ್ನು ಮಾವನಿಗೆ ಹೇಳಿಕೊಡುವುದು, ಹ್ಯಾಂಡ್‌ಬಿಲ್ಲು ಬರೆಯುವುದು. ಆ ಎರಡನೆಯ ಕೆಲಸದಲ್ಲಿ ನಾನು ಬಲು ಜಾಣ ಎಂದು ಹೆಸರಾಗಿದ್ದೆ. ಆ ಜಾಣತನ ನೆನೆದರೆ ಇವತ್ತಿಗೂ ಬಾಯಲ್ಲಿ ಕಹಿ ನೀರು ಬರುತ್ತದೆ.

ಚಿತ್ರ ಹೀಗಿತ್ತು. ಒಬ್ಬ ವಿಜ್ಞಾನಿ. ಹೆಂಡತಿ ಸತ್ತಿದ್ದಾಳೆ, ಐದಾರು ವರ್ಷದ ಮಗಳೊಬ್ಬಳು. ಅವನು ದೂರದ ನಕ್ಷತ್ರಕ್ಕೆ ಹೋಗಿಬರುವ ವಾಹನವೊಂದನ್ನು ಕಟ್ಟುತ್ತಾನೆ. ನೋಡಿದರೆ ಎಣ್ಣೆಯ ಗಾಣವನ್ನು ಮಗುಚಿ ಹಾಕಿದ ಹಾಗಿತ್ತು. ಹೊರಡುವಾಗ ಮಗಳ ಹಣೆಗೆ ಮುತ್ತಿಟ್ಟು, ನಿನ್ನ ಹುಟ್ಟಿದ ದಿನಕ್ಕೆ ಬಂದುಬಿಡುತ್ತೇನೆ ಎನ್ನುತ್ತಾನೆ. ಹೋಗುತ್ತಾನೆ. ಅಲ್ಲಿ ಏನಿದೆ ಅಂದರೆ, ಏನೂ ಇಲ್ಲ. ಗಾಳಿ, ಮರಳು. ಒಂದು ಹಿಡಿ ಮರಳನ್ನು ಡಬ್ಬಿಗೆ ತುಂಬಿಕೊಂಡು ತಿರುಗುತ್ತಾನೆ. ಅವನ ಪಾಲಿಗೆ ಕಳೆದದ್ದು ಕೆಲವು ತಿಂಗಳು, ಭೂಮಿಯ ಮೇಲೆ ಕಳೆದದ್ದು ಎಪ್ಪತ್ತು ವರ್ಷ. ಮನೆಯ ಬಾಗಿಲು ತಟ್ಟಿದರೆ ಮುದುಕಿಯೊಬ್ಬಳು ತೆಗೆಯುತ್ತಾಳೆ. ಗಡಿಯಾರ ರಿಪೇರಿಯವನು ಬಂದ ಅಂದುಕೊಂಡು ಒಳಗೆ ಕರೆಯುತ್ತಾಳೆ. ಇದು ನಮ್ಮಪ್ಪನ ಕಾಲದ್ದು, ನಿಂತುಹೋಗಿದೆ, ನೋಡಪ್ಪಾ ಎನ್ನುತ್ತಾಳೆ. ಅವನು ತಾನು ಯಾರೆಂದು ಹೇಳುವುದಿಲ್ಲ. ಗಡಿಯಾರ ಬಿಚ್ಚಿ ಸರಿಮಾಡುತ್ತಾನೆ, ಅವಳು ಕೊಟ್ಟ ಟೀ ಕುಡಿಯುತ್ತಾನೆ, ಹೊರಡುತ್ತಾನೆ. ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಅಲ್ಲಿಗೆ ಚಿತ್ರ ಮುಗಿಯಿತು.

ರೀಲು ಖಾಲಿಯಾಗಿ ಪಟಪಟ ಬಡಿದುಕೊಳ್ಳುತ್ತಿದ್ದರೂ ಮಿಸ್ತ್ರಿ ಸಾಬರು ಯಂತ್ರ ನಿಲ್ಲಿಸಿರಲಿಲ್ಲ. ಮಾವ ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಯಜಮಾನರು ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ಐನೋರೆ, ಇದ್ರಲ್ಲಿ ರಾಕ್ಸಸ ಎಲ್ಲವ್ನೆ?"

"ರಾಕ್ಷಸ ಇಲ್ಲ ಯಜಮಾನ್ರೇ."

"ನಕ್ಸತ್ರದ್ಗಂಟ ಓಗವ್ನೆ, ಅಲ್ಲಿ ಯಾರೂ ಇಲ್ವಾ? ಬರೀ ಮರಳಾ? ಮರಳು ನೋಡಾಕೆ ನಮ್ಮ ಸಿಂಸಾ ವಳೆ ಇಲ್ವಾ?"

ಮಿಸ್ತ್ರಿ ಸಾಬರಿಗೆ ನಗು ತಡೆಯಲಾಗಲಿಲ್ಲ. ಮಾವ ನಗಲಿಲ್ಲ. ಅವರಿಗೆ ಆ ಚಿತ್ರ ಎದೆಗೆ ತಾಗಿಬಿಟ್ಟಿತ್ತು.

"ಇದು ನಮ್ಮ ಪುರಾಣದಲ್ಲಿ ಇರೋದೇ ಯಜಮಾನ್ರೇ. ಒಬ್ಬ ರಾಜ ಮಗಳ ಕೈ ಹಿಡ್ಕೊಂಡು, ಇವಳಿಗೆ ತಕ್ಕ ವರ ಯಾರು ಅಂತ ಕೇಳೋಕೆ ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೀತಿತ್ತು. ಮುಗೀಲಿ ಅಂತ ಒಂದು ಗಳಿಗೆ ಕಾದ. ಬ್ರಹ್ಮ ನಕ್ಕುಬಿಟ್ಟ. ಅಯ್ಯೋ ಮರುಳೆ, ನೀನು ಕಾದ ಗಳಿಗೇಲಿ ಭೂಮಿ ಮೇಲೆ ಯುಗ ಯುಗ ಕಳೆದುಹೋದವು, ನೀನು ಮನಸಲ್ಲಿಟ್ಕೊಂಡು ಬಂದ ಗಂಡುಗಳ ಮರಿಮಕ್ಕಳೂ ಉಳಿದಿಲ್ಲ ಅಂದ. ನಮ್ಮೋರಿಗೆ ಹೊಳೆದದ್ದೇ ಸಮುದ್ರದಾಚೆಯೋರಿಗೂ ಹೊಳೆದದೆ ನೋಡಿ. ಜನಕ್ಕೆ ಇದನ್ನ ನಾನು ಹೇಳ್ತೀನಿ. ಕೂತು ಕೇಳ್ತಾರೆ."

ಯಜಮಾನರು ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಚೀಪಿದರು. "ಕೂತ್ಕೊಂಡ್ಮೇಲೆ ಕೇಳ್ತಾರೆ ಐನೋರೆ. ಒಳೀಕೆ ಬರ್ಬೇಕಲ್ಲ? ರಾಕ್ಸಸ ಇಲ್ದಿದ್ರೆ ನಾವೇ ಒಬ್ಬನ್ನ ಮಾಡ್ಕೊಂಡ್ರೆ ಆಯ್ತು ಬುಡಿ."

ಆ ಸಂಜೆಯೇ ನಾನು ಹ್ಯಾಂಡ್‌ಬಿಲ್ಲು ಬರೆದೆ. ಇಂಥ ಕೆಲಸಕ್ಕೆ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ನೋಡಿರಿ! ನಡುಗಿರಿ! ನಕ್ಷತ್ರಲೋಕದ ನರಭಕ್ಷಕ! ಗರ್ಭಿಣಿಯರೂ ಎದೆಗಾರಿಕೆಯಿಲ್ಲದವರೂ ದಯವಿಟ್ಟು ಬರಕೂಡದು!" ಬರಕೂಡದು ಎಂದರೆ ಬಂದೇ ಬರುತ್ತಾರೆ ಎಂದು ನನಗೆ ಗೊತ್ತಿತ್ತು. ಗುಲಾಬಿ ಬಣ್ಣದ ಕಾಗದದಲ್ಲಿ ಅಚ್ಚಾಗಿ ಬಂತು. ಮಾವ ಅದನ್ನು ಎರಡು ಸಲ ಓದಿದರು.

"ಏನೋ ಅಳಿಯ, ಹೊಟ್ಟೆಗೆ ಅನ್ನಾನೇ ತಾನೆ ತಿನ್ನೋದು ನೀನು?" ಅಂದರು.

"ಜನ ಬರಲಿ ಮಾವ. ಒಳಗೆ ಬಂದಮೇಲೆ ನೀವಿದ್ದೀರಲ್ಲ" ಅಂದೆ. ಅವರು ಕಾಗದವನ್ನು ಹರಿದುಹಾಕದೆ ಮಡಚಿ ನನ್ನ ಕೈಗೇ ಕೊಟ್ಟರು. ಅದೇ ತಪ್ಪಾಯಿತು.

ಯಜಮಾನರು ಗರಡಿಯ ಪೈಲ್ವಾನನೊಬ್ಬನಿಗೆ ಮೈತುಂಬ ಇದ್ದಿಲು ಬಳಿಸಿ, ತಲೆಗೆ ಎಮ್ಮೆಯ ಕೊಂಬು ಕಟ್ಟಿಸಿ ಎತ್ತಿನ ಗಾಡಿಯ ಮೇಲೆ ನಿಲ್ಲಿಸಿದರು. ಮುಂದೆ ತಮಟೆ. ಅವನು ಮದ್ದೂರಿನ ಬೀದಿಗಳಲ್ಲಿ ನಾಲಗೆ ಚಾಚಿ ಅರಚಿದ್ದಕ್ಕೆ ಪೇಟೆಯ ಮಕ್ಕಳು ಚಡ್ಡಿಯಲ್ಲೇ ಉಚ್ಚೆ ಹುಯ್ದುಕೊಂಡವು. ಸಂಜೆ ಡೇರೆ ತುಂಬಿ, ಹೊರಗೆ ಬೇಲಿಯ ತನಕ ಜನ ನಿಂತರು. ಮಾವ ಎಂದೂ ಹೇಳದಷ್ಟು ಚೆನ್ನಾಗಿ ಕತೆ ಹೇಳಿದರು. ನಕ್ಷತ್ರದ ಮೇಲೆ ಮರಳು ಬಂತು. ಮುಂದಿನ ಸಾಲಿನಿಂದ ಒಬ್ಬ ಕೂಗಿದ.

"ಐನೋರೆ, ರಾಕ್ಸಸ ಯಾವಾಗ ಬತ್ತಾನೆ?"

"ಇದರಲ್ಲಿ ರಾಕ್ಷಸ ಬರಲ್ಲಪ್ಪಾ. ಕತೆ ಕೇಳು."

"ಬರಾಕಿಲ್ವಾ? ಮದ್ಯಾನ ಗಾಡಿ ಮ್ಯಾಲೆ ಬಂದಿದ್ನಲ್ಲ, ಎಲ್ಲಿಗ್ಲಾ ಓದ ಅವ್ನು?"

"ಇಂದುಗಡೆ ಟೀ ಕುಡೀತಾ ಕೂತವ್ನೆ ಕಣ್ಲಾ, ನಾನೇ ನೋಡ್ದೆ!" ಎಂದ ಮತ್ತೊಬ್ಬ.

ಡೇರೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಕ್ಕಮೇಲೆ ಕೂಗು ಎದ್ದಿತು, ರಾಕ್ಷಸನನ್ನು ತೋರಿಸದಿದ್ದರೆ ಡೇರೆ ಕೀಳುತ್ತೇವೆ ಅಂತ. ಯಜಮಾನರು ಬೆದರಿ ಆ ಪೈಲ್ವಾನನನ್ನೇ ಎಳೆತಂದು ಬಿಟ್ಟರು. ಪರದೆಯ ಮೇಲೆ ಮುದುಕಿಯಾದ ಮಗಳು ನಿಂತ ಗಡಿಯಾರವನ್ನು ಅಪ್ಪನ ಕೈಗೆ ಕೊಡುತ್ತಿದ್ದಾಳೆ, ಪರದೆಯ ಮುಂದೆ ಕೊಂಬಿನವನು ಹೋ ಎಂದು ತೊಡೆ ತಟ್ಟಿ ಕುಣಿಯುತ್ತಿದ್ದಾನೆ, ಅವನ ನೆರಳು ಅವಳ ಮುಖದ ಮೇಲೆ. ಜನಕ್ಕೆ ಸಂತೋಷವೋ ಸಂತೋಷ. ಮಾವ ಬೆತ್ತ ಕೆಳಗಿಟ್ಟು ಪಕ್ಕಕ್ಕೆ ಸರಿದು ನಿಂತರು. ಥೂ, ಆ ಕುಣಿತದಷ್ಟು ಅಸಹ್ಯವಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೂ ಮೂರು ದಿನ ಅದನ್ನೇ ಆಡಿಸಿದೆವು.

ಅಲ್ಲಿಂದ ಮಂಡ್ಯ. ಮಂಡ್ಯದಲ್ಲಿ ಓದಿದವರು ಜಾಸ್ತಿ, ರಾಕ್ಷಸ ನಡೆಯುವುದಿಲ್ಲ ಎಂದು ಯಜಮಾನರ ಎಣಿಕೆ. "ಓದ್ದೋರಿಗೆ ಏನ್ ಬೇಕು ಯೋಳು?" ಎಂದು ನನ್ನನ್ನು ಕೇಳಿದರು. ನಾನು ಹೇಳಲಿಲ್ಲ, ಬರೆದೇ ಕೊಟ್ಟೆ. "ಸುಶಿಕ್ಷಿತರಿಗೆ ಮಾತ್ರ! ಪಾಶ್ಚಾತ್ಯ ಪ್ರಣಯ! ರೋಮಾಂಚಕ ಚುಂಬನ ದೃಶ್ಯವುಳ್ಳದ್ದು!" ಆ ಚಿತ್ರದಲ್ಲಿ ಇದ್ದದ್ದು ಒಂದೇ ಮುತ್ತು. ಅಪ್ಪ ಮಗಳ ಹಣೆಗೆ ಇಡುವ ಮುತ್ತು. ಇದನ್ನು ಒಂದು ಅಕ್ಷರವನ್ನೂ ಹೊಡೆದುಹಾಕದೆ ಒಂದೇ ಏಟಿಗೆ ಬರೆದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಕೋಟು ಹಾಕಿದವರು, ಕನ್ನಡಕದವರು, ಮನೆಯ ಹೆಂಗಸರನ್ನು ಬಿಟ್ಟು ಒಬ್ಬೊಬ್ಬರೇ ಬಂದರು. ಬಂದು, ಬೇರೆ ಯಾರೂ ತಮ್ಮನ್ನು ನೋಡಬಾರದು ಎಂಬಂತೆ ಕೂತರು. ಆ ಮುತ್ತು ಬಂದಾಗ ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಐದು ವರ್ಷದ ಮಗುವಿನ ಹಣೆಯ ಮುತ್ತಿಗೆ ಸಿಳ್ಳೆ! ಅದೊಂದೇ ಎಂದು ಗೊತ್ತಾದಮೇಲೆ ಒಬ್ಬೊಬ್ಬರೇ ಎದ್ದರು. ಎದ್ದು ಹೋಗುವುದಕ್ಕೂ ಒಂದು ಗೌರವದ ಕಾರಣ ಬೇಕಲ್ಲ? ಕೋಟಿನವರೊಬ್ಬರು ಬಾಗಿಲಲ್ಲಿ ನಿಂತು ನನಗೆ ಕೇಳುವ ಹಾಗೆ ಸ್ನೇಹಿತರಿಗೆ ಹೇಳಿದರು: "ಬರೀ ಮಕ್ಕಳಾಟ ಕಣ್ರೀ. ಕಾಲ ಹಾಗೆಲ್ಲ ಹಿಗ್ಗೋದು ಕುಗ್ಗೋದು ಸಾಧ್ಯವೇ ಇಲ್ಲ. ಸೈನ್ಸ್ ಗೊತ್ತಿಲ್ಲದೋರು ತೆಗೆದದ್ದು." ಕಾಲದ ವಿಷಯ ಮಾವನ ಪೀಠಿಕೆಯಲ್ಲಿ ಕಿವಿಗೆ ಬಿದ್ದಿತ್ತಷ್ಟೇ, ಆ ಮಹನೀಯರು ನಕ್ಷತ್ರದ ತನಕವೂ ಕೂತಿರಲಿಲ್ಲ. ಮದ್ದೂರಿನವನು ಕೊನೆಪಕ್ಷ ರಾಕ್ಷಸ ಬೇಕು ಅಂತ ಬಾಯಿಬಿಟ್ಟು ಕೇಳಿದ್ದ. ಇವರಿಗೆ ಬೇಕಾದದ್ದು ಏನೆಂದು ಕೇಳುವ ಧೈರ್ಯವೂ ಇಲ್ಲ, ಸಿಗದಿದ್ದಾಗ ವಿಜ್ಞಾನದ ಹೆಸರು. ನನಗೆ ಇವರೇ ಹೆಚ್ಚು ಹೇಸಿಗೆಯಾಗಿ ಕಂಡರು. ಆ ಹೇಸಿಗೆಗೆ ಊಟ ಬಡಿಸಿ ಕರೆದವನು ನಾನೇ ಎಂಬುದನ್ನು ಮಾತ್ರ ಅವತ್ತು ಯೋಚಿಸಲಿಲ್ಲ.

ಮಂಡ್ಯದ ಕೊನೆಯ ದಿನ ಡೇರೆಯಲ್ಲಿ ಹತ್ತು ಜನ ಇದ್ದರೋ ಇಲ್ಲವೋ. ಮಾವ ಆ ಹತ್ತು ಜನಕ್ಕೂ ಪೂರ್ತಿ ಕತೆ ಹೇಳಿದರು. ಸ್ಟೇಷನ್ನಿನ ಕಡೆಯ ಒಬ್ಬ ಕೂಲಿಯಾಳು ಕೊನೆಗೆ ಬಂದು, "ಆವಮ್ಮಂಗೆ ಒಂದ್ ಮಾತು ಯೋಳ್ಬೈದಿತ್ತು ಐನೋರೆ ಅವ್ನು, ನಾನೇ ನಿಮ್ಮಪ್ಪ ಅಂತ" ಎಂದು ಸಂಕಟಪಟ್ಟ. ಮಾವನಿಗೆ ಅಷ್ಟೇ ಸಾಕಾಯಿತು. ದಾರಿಯುದ್ದಕ್ಕೂ ಅವನ ಮಾತೇ. "ನೋಡ್ದೇನೋ? ಒಬ್ಬನಿಗೆ ತಾಗ್ತು. ಇವರು ಸುಳ್ಳು ಹೇಳಿ ಕರೀದೆ ಹೋಗಿದ್ರೆ ಎಲ್ಲಾರಿಗೂ ತಾಗ್ತಿತ್ತು." ಇವರು ಅಂದರು. ನೀನು ಅನ್ನಲಿಲ್ಲ. ಅವರ ದೊಡ್ಡತನ.

ಉಳಿದದ್ದು ಮಳವಳ್ಳಿ. ಯಜಮಾನರು ಪೆಟ್ಟಿಗೆಯನ್ನು ಬೆಂಗಳೂರಿಗೆ ವಾಪಸು ಕಳಿಸುವ ಯೋಚನೆಯಲ್ಲಿದ್ದರು. ಮಾವ ಹಾಗೇ ಕಳಿಸಬೇಡಿ ಎಂದು ಅಂಗಲಾಚಿದರು. ಆಗ ನನ್ನ ಜಾಣತನ ಇನ್ನೊಂದು ಸಲ ತಲೆಯೆತ್ತಿತು. ಮಾವ ಇಲ್ಲದ ಹೊತ್ತು ನೋಡಿ ಯಜಮಾನರಿಗೆ ಅಂದೆ: "ಮಳವಳ್ಳಿಯಲ್ಲಿ ಮಾವನ ಪುರಾಣಕ್ಕೆ ಎಷ್ಟು ಜನ ಸೇರ್ತಾರೆ ನೋಡಿದ್ದೀರಲ್ಲ? ಅವರು ಹೇಳಿದ ಆ ರಾಜನ ಕತೆಯ ಹೆಸರಲ್ಲೇ ಕರೆದರೆ ಹೇಗೆ?"

ಯಜಮಾನರು ನನ್ನ ಬೆನ್ನು ತಟ್ಟಿದರು. "ಲೇ, ನೀನು ಬೆಲ್ಲ ಮಾರ್ಬೇಕಿತ್ತು ಕಣ್ಲಾ!"

ಮಾವನನ್ನು ಒಪ್ಪಿಸಿದ್ದು ಯಜಮಾನರೇ. "ಐನೋರೆ, ನೀವು ಗಾಡಿ ಮ್ಯಾಲೆ ಕೂತು ಒಂದ್ ಮಾತು ಕರೀರಿ. ರಾಕ್ಸಸ ಬ್ಯಾಡ, ಕುಣಿತ ಬ್ಯಾಡ. ಒಂದು ರೀಲೂ ಕತ್ತರಿಸದೆ ನೀವೆಂಗೆ ಯೋಳ್ತೀರೋ ಅಂಗೆ ತೋರಿಸ್ತೀನಿ. ನಮ್ಮವ್ವನಾಣೆ." ಮಾವ ಒಂದು ಇಡೀ ದಿನ ಬೇಡ ಅಂದರು. ಗಾಡಿಯ ಮೇಲೆ ಕೂತು ಕೂಗುವುದು ಪುರಾಣ ಹೇಳುವ ಬಾಯಿಗೆ ತಕ್ಕದ್ದಲ್ಲ ಎಂದರು. ಆದರೆ ಚಿತ್ರದ ಮೇಲಿನ ಆಸೆ ಅವರನ್ನು ಗೆದ್ದಿತು. ತಮ್ಮ ಮಳವಳ್ಳಿಯ ಜನ, ಇಷ್ಟು ವರ್ಷ ತಮ್ಮ ಬಾಯಿಂದ ಪುರಾಣ ಕೇಳಿದ ಜನ, ಆ ಅಪ್ಪ ಮಗಳನ್ನು ಒಂದು ಸಲ ನೋಡಲಿ ಎಂಬ ಆಸೆ. ಹೂಂ ಅಂದುಬಿಟ್ಟರು.

ಗಾಡಿ ಬಂದಾಗ ಅದಕ್ಕೆ ಮಾವಿನ ತೋರಣ ಕಟ್ಟಿತ್ತು. ಹಾವಿನ ಮೇಲೆ ಮಲಗಿದ ವಿಷ್ಣುವಿನ ಪಟವನ್ನು ಎದುರಿಗೆ ನಿಲ್ಲಿಸಿ ಹೂವಿನ ಹಾರ ಹಾಕಿತ್ತು. ನಾನು ಬರೆದ ಹಳದಿ ಹ್ಯಾಂಡ್‌ಬಿಲ್ಲಿನಲ್ಲಿ "ಬ್ರಹ್ಮಲೋಕ ದರ್ಶನ! ನೋಡಿದವರ ಪಾಪ ಪರಿಹಾರ!" ಎಂದಿತ್ತು. ಮಾವ ಗಾಡಿ ಹತ್ತಿ ಪಟ ನೋಡಿದರು, ಹ್ಯಾಂಡ್‌ಬಿಲ್ಲು ನೋಡಿದರು, ನನ್ನನ್ನು ನೋಡಿದರು. ಅಷ್ಟು ಹೊತ್ತಿಗೆ ಸುತ್ತ ಜನ ಸೇರಿ ಕೈಮುಗಿಯುತ್ತಿದ್ದರು. ಇಳಿದುಬಿಡಬೇಕಿತ್ತು, ಇಳಿಯಲಿಲ್ಲ. ತಗಡಿನ ಕಹಳೆ ಬಾಯಿಗಿಟ್ಟುಕೊಂಡು, "ಶ್ರಾವಣದಲ್ಲಿ ನಿಮಗೆ ಒಬ್ಬ ರಾಜನ ಕತೆ ಹೇಳಿದ್ದೆನಲ್ಲ, ಅದನ್ನ ನೆನಪಿಗೆ ತರೋ ಚಿತ್ರ ಬಂದದೆ, ಬನ್ನಿ" ಎಂದಷ್ಟೇ ಹೇಳಿದರು. ಅವರ ಮಟ್ಟಿಗೆ ಅದು ಸತ್ಯವೇ. ಆದರೆ ಪಕ್ಕದಲ್ಲಿ ಪಟಕ್ಕೆ ಊದುಬತ್ತಿ ಹಚ್ಚಿದ್ದಾಗ ಆ ಸತ್ಯಕ್ಕೆ ಯಾವ ಬೆಲೆ?

ಮಾರನೆಯ ಮಧ್ಯಾಹ್ನ ಡೇರೆಗೆ ಹೋದಾಗ ಬಾಳೆಹಣ್ಣಿನಂಥ ವಾಸನೆ ಮೂಗಿಗೆ ಬಂತು. ರೀಲಿನ ತುಂಡುಗಳನ್ನು ಜೋಡಿಸುವ ಅಂಟಿನ ವಾಸನೆ ಅದು. ಮಿಸ್ತ್ರಿ ಸಾಬರು ಯಾವುದೋ ಹಳೆಯ ಪೌರಾಣಿಕ ಮೂಕಿಚಿತ್ರದ ತುಂಡೊಂದನ್ನು ನಮ್ಮ ರೀಲಿಗೆ ಅಂಟಿಸುತ್ತಿದ್ದರು. ಬೆಳಕಿಗೆ ಹಿಡಿದು ನೋಡಿದೆ. ವಿಷ್ಣು, ಪಕ್ಕದಲ್ಲಿ ಲಕ್ಷ್ಮಿ, ಮೋಡದ ಹಾಗೆ ಹೊಗೆ.

"ಏನ್ ಸಾಬ್ರೇ ಇದು? ಒಂದು ರೀಲೂ ಮುಟ್ಟಲ್ಲ ಅಂದಿದ್ರಲ್ಲ?"

"ಯಜಮಾನ್ರು ಕತ್ತರಿಸಾಕಿಲ್ಲ ಅಂದಿದ್ರಂತೆ, ಸೇರಿಸಾಕಿಲ್ಲ ಅಂದಿರ್ನಿಲ್ವಂತೆ" ಎಂದರು ಸಾಬರು, ತಲೆಯೆತ್ತದೆ. "ನಂಗೂ ಇಡಿಸ್ನಿಲ್ಲ. ದೇವ್ರ ತಾವ ತಮಾಸೆ ಮಾಡ್ಬಾರ್ದು, ನಿಮ್ದಾಗ್ಲಿ ನಮ್ದಾಗ್ಲಿ. ನಿಮ್ಮ ಮಾವಂಗೆ ಈಗ್ಲೇ ಒಂದ್ ಮಾತು ಯೋಳ್ಬುಡಿ. ನಂಗೆ ಬಾಯಿ ಬರಾಕಿಲ್ಲ."

ಹೇಳಲು ಸಾಕಷ್ಟು ಹೊತ್ತಿತ್ತು. ಮಾವ ಬಾವಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ಅಲ್ಲಿಗೆ ಹೋದೆ. ಹೋಗಿ, "ಜನ ತುಂಬ ಬರ್ತಾರೆ ಅನ್ಸುತ್ತೆ ಮಾವ" ಎಂದು ಬಂದೆ. ನನ್ನ ಹ್ಯಾಂಡ್‌ಬಿಲ್ಲಿಗೆ ಊರೇ ಎದ್ದು ಬರುತ್ತಿದೆ ಎಂಬ ಹೆಮ್ಮೆ ಬಾಯಿ ಕಟ್ಟಿಹಾಕಿತ್ತು.

ಊರೇ ಎದ್ದು ಬಂತು. ಹೊತ್ತು ಮುಳುಗುವ ಮುಂಚೆಯೇ ಸುತ್ತಲ ಹಳ್ಳಿಗಳ ಗಾಡಿಗಳು ಬಂದು ಎತ್ತುಗಳ ಕೊರಳು ಬಿಚ್ಚಿ ನಿಂತವು. ಮಿಂದು ಮಡಿಯುಟ್ಟು, ಹಣೆಗೆ ಇಟ್ಟುಕೊಂಡು ಬಂದಿದ್ದರು. ಡೇರೆಯ ಬಾಗಿಲಲ್ಲಿ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟರು. ಬೇಲಿಯುದ್ದಕ್ಕೂ ಚಪ್ಪಲಿಯ ಸಾಲು. ಹೆಂಗಸರ ಕಡೆ ತಟ್ಟೆಗಳು: ತೆಂಗಿನಕಾಯಿ, ಬಾಳೆಹಣ್ಣು, ಕರ್ಪೂರ. ಮಾವ ಬಾಗಿಲಲ್ಲಿ ನಿಂತು ಆ ತಟ್ಟೆಗಳನ್ನು ಕಂಡು ಬಿಳಿಚಿಕೊಂಡರು. "ಏನೋ ಅಳಿಯ ಇದು?" ಎಂದರು. ನಾನು ಜನರ ನಡುವೆ ಸರಿದುಹೋದೆ.

ಆಟ ಶುರುವಾಯಿತು. ಮಾವ ಬೆತ್ತ ಹಿಡಿದು, ಎಂದಿಗಿಂತ ನಿಧಾನವಾಗಿ, ಇದು ಸಮುದ್ರದಾಚೆಯ ಒಬ್ಬ ಅಪ್ಪ ಮಗಳ ಕತೆ ಎಂದು ಬಿಡಿಸಿ ಹೇಳಲು ತೊಡಗಿದರು. ಪ್ಯಾಂಟು ತೊಟ್ಟವನನ್ನು ಕಂಡು ಜನ ಸ್ವಲ್ಪ ಗುಜುಗುಜು ಎಂದರೂ, ಐನೋರು ಹೇಳುತ್ತಿದ್ದಾರಲ್ಲ ಎಂದು ಸಹಿಸಿಕೊಂಡರು. ವಾಹನ ಏರಿತು. ನಕ್ಷತ್ರ ಹತ್ತಿರವಾಯಿತು. ಮಾವ ಮರಳಿನ ಕಡೆ ಬೆತ್ತ ತೋರಿಸಲು ಕೈಯೆತ್ತಿದರು. ಮರಳು ಬರಲಿಲ್ಲ, ವಿಷ್ಣು ಬಂದ.

ಡೇರೆಗೆ ಡೇರೆಯೇ ಎದ್ದು ನಿಂತಿತು. ಗೋವಿಂದಾ ಎಂಬ ಕೂಗು ಎದ್ದಿತು. ನೆಲಕ್ಕೆ ಕಾಯಿ ಒಡೆದ ಸದ್ದು, ಕರ್ಪೂರದ ಬೆಳಕು, ಪರದೆಯ ಕಡೆ ಚಾಚಿದ ತಟ್ಟೆಗಳು. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ, ಮಾವನ ಪುರಾಣಕ್ಕೆ ಪ್ರತಿವರ್ಷ ತಪ್ಪದೆ ಬರುತ್ತಿದ್ದವಳು, ಎರಡೂ ಕೈಯಲ್ಲಿ ಆರತಿ ಎತ್ತಿದಳು. ಮಾವನ ಕೈಯಲ್ಲಿದ್ದ ಬೆತ್ತ ಎತ್ತಿದಲ್ಲೇ ನಿಂತಿತ್ತು. ತುಂಡು ಮುಗಿಯಿತು. ಆರತಿ ಇನ್ನೂ ಇಳಿದಿರಲಿಲ್ಲ, ಪರದೆಯ ಮೇಲೆ ಪ್ಯಾಂಟಿನವನು ಬೂಟುಗಾಲಲ್ಲಿ ಮರಳು ತುಳಿಯುತ್ತ ನಿಂತಿದ್ದ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅಜ್ಜಿ ತಟ್ಟೆ ಹಿಡಿದುಕೊಂಡೇ ಕೇಳಿದಳು.

"ಐನೋರೆ, ಇವ್ನ್ಯಾರಪ್ಪಾ? ದೇವ್ರೆಲ್ಲಿ ಓದ?"

ಯಜಮಾನರು ಪರದೆಯ ಹಿಂದಿನಿಂದ ಪಿಸುಗುಟ್ಟಿದ್ದು ನನಗೂ ಕೇಳಿಸಿತು. "ಇವ್ನೇ ಆ ರಾಜ, ವೇಸ ಮರೆಸ್ಕಂಡವ್ನೆ ಅಂದ್ಬುಡಿ ಐನೋರೆ. ನೀವು ಅಂದ್ರೆ ನಂಬ್ತಾರೆ." ನಿಜ, ನಂಬುತ್ತಿದ್ದರು. ಮಾವನ ಬಾಯಿಂದ ಬಂದಿದ್ದರೆ ಆ ಅಜ್ಜಿ ಬೂಟುಗಾಲಿಗೂ ಆರತಿ ಎತ್ತುತ್ತಿದ್ದಳು. ಆಟವೂ ಉಳಿಯುತ್ತಿತ್ತು, ಮಾವನ ಹೆಸರೂ ಉಳಿಯುತ್ತಿತ್ತು.

ಮಾವ ಮಿಸ್ತ್ರಿ ಸಾಬರ ಕಡೆಗೆ ಕೈಯೆತ್ತಿ ಯಂತ್ರ ನಿಲ್ಲಿಸಲು ಹೇಳಿದರು. ಯಾರೋ ಗ್ಯಾಸ್‌ಲೈಟು ಹಚ್ಚಿದರು.

"ತಾಯೀ, ಈ ಚಿತ್ರದಲ್ಲಿ ದೇವರಿಲ್ಲ. ಈಗ ನೀವು ನೋಡಿದ್ದು ಬೇರೆ ಯಾವುದೋ ಚಿತ್ರದ ತುಂಡು, ನಡುವೆ ಅಂಟಿಸವ್ರೆ. ನನಗೂ ಗೊತ್ತಿರಲಿಲ್ಲ. ಆದರೆ ದೇವರ ಪಟದ ಪಕ್ಕ ಕೂತು ನಿಮ್ಮನ್ನ ಕರೆದೋನು ನಾನೇ. ಪಟ ಕಂಡ ಮೇಲೂ ಗಾಡಿಯಿಂದ ಇಳೀಲಿಲ್ಲ. ತಪ್ಪು ನನ್ನದು."

ಗದ್ದಲವಾಗುತ್ತದೆ, ಡೇರೆ ಕೀಳುತ್ತಾರೆ, ಹೊಡೆಯುತ್ತಾರೆ ಎಂದು ನಾನು ಹೆದರಿದ್ದೆ. ಆಗಿದ್ದರೆ ಚೆನ್ನಾಗಿತ್ತು. ಏನೂ ಆಗಲಿಲ್ಲ. ಗಂಡಸರು ಪಂಚೆ ಕೊಡವಿಕೊಂಡು ಎದ್ದರು. ಹೆಂಗಸರು ಒಡೆದ ಕಾಯಿಯ ಹೋಳುಗಳನ್ನು ಏನು ಮಾಡಬೇಕೆಂದು ತಿಳಿಯದೆ, ಮನೆಗೂ ಒಯ್ಯಲಾರದೆ, ಅಲ್ಲೂ ಬಿಡಲಾರದೆ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಡೇರೆಯ ಕಂಬದ ಬುಡದಲ್ಲಿ ಇಟ್ಟು ಹೋದರು. ಬೇಲಿಯ ಹತ್ತಿರ ಎಲ್ಲರೂ ತಲೆ ತಗ್ಗಿಸಿಕೊಂಡು ಚಪ್ಪಲಿ ಹುಡುಕಿಕೊಂಡರು. ಮೋಸ ಹೋದವರಿಗೆ ನಾಚಿಕೆ, ಮೋಸ ಮಾಡಿದವರಿಗೆ ಇಲ್ಲ. ಇಂಥ ವ್ಯಾಪಾರದ ಹೇಸಿಗೆಯೆಲ್ಲ ಅದರಲ್ಲೇ ಇದೆ.

ಅಜ್ಜಿ ಮಾತ್ರ ಮಾವನ ಹತ್ತಿರ ಬಂದಳು. ಬೈಯಲಿಲ್ಲ.

"ಆ ಮಗಾನ ಮನೇಲೊಂದೇ ಬುಟ್ಟು ಓದ್ನಲ್ಲ ಅವ್ನು, ಆಮ್ಯಾಕೆ ಏನಾಯ್ತೋ ಅಂತ ನಂಗೂ ಕೇಳಾಸೆ ಇತ್ತು ಕಣಪ್ಪಾ. ಕತೆ ಅಂದಿದ್ರೂ ಬತ್ತಿದ್ದೆ. ದೇವ್ರ ಎಸ್ರು ಯಾಕೆ ಯೋಳ್ದೆ?"

ಅವಳು ತಟ್ಟೆಯ ಮೇಲೆ ಸೆರಗು ಮುಚ್ಚಿಕೊಂಡು ಹೊರಟುಹೋದಳು. ಕತೆ ಅಂದಿದ್ದರೂ ಬರುತ್ತಿದ್ದೆ ಎಂಬ ಮಾತು ನನ್ನ ನೆತ್ತಿಗೆ ಬಡಿಯಿತು. ಕೊಂಬು, ಮುತ್ತು, ಪಾಪ ಪರಿಹಾರ ಅಂತ ಮೂರು ಊರಿನಲ್ಲಿ ಮೂರು ಬಣ್ಣದ ಕಾಗದ ಹಂಚಿದ್ದೆ. ಇಂಥ ಒಂದು ಚಿತ್ರವಿದೆ, ಇಂಥ ಒಬ್ಬ ಅಪ್ಪನ ಕತೆ ಎಂದು ಒಂದೇ ಒಂದು ಸಲ, ಒಂದೇ ಒಂದು ಊರಿನಲ್ಲಿ ಬರೆದು ನೋಡಿರಲಿಲ್ಲ. ಜನಕ್ಕೆ ಯೋಚನೆ ಬೇಡ ಎಂದು ನಾವೇ ತೀರ್ಮಾನಿಸಿಕೊಂಡು, ನಾವೇ ಅವರ ಕಣ್ಣಿಗೆ ಮಸಿ ಬಳಿದು, ಆಮೇಲೆ ನೋಡಿ ಇವರಿಗೆ ಕಾಣುವುದಿಲ್ಲ ಎಂದು ನಗುವುದು. ಈಗಲೂ ಗೋಡೆಗಳ ಮೇಲೆ ದೊಡ್ಡ ದೊಡ್ಡ ಪೋಸ್ಟರುಗಳಲ್ಲಿ ಅದೇ ನಡೆಯುತ್ತಿದೆ. ಕಂಡರೆ ನಾನು ಉಗುಳಿ ಮುಂದೆ ಹೋಗುತ್ತೇನೆ. ಉಗುಳುವಾಗ ಅರ್ಧ ನನ್ನ ಮೇಲೇ ಬೀಳುತ್ತದೆ.

ಆ ವರ್ಷ ಶ್ರಾವಣಕ್ಕೆ ಮಳವಳ್ಳಿಯಿಂದ ಮಾವನಿಗೆ ಕರೆ ಬರಲಿಲ್ಲ. ಆತಗೂರಿನ ಕಡೆಯ ಇನ್ನೊಬ್ಬರನ್ನು ಗೊತ್ತುಮಾಡಿದ್ದಾರೆಂದು ತಿಳಿಯಿತು. ಎರಡನೆಯ ಶನಿವಾರ ಮಾವ ತಾವಾಗಿಯೇ ಬಸ್ಸು ಹತ್ತಿದರು. ನಾನೂ ಜೊತೆಗೆ ಹೋದೆ. ದೇವಸ್ಥಾನದ ಜಗಲಿಯ ಕೆಳಗೆ, ಕೇಳುವವರ ಸಾಲಿನಲ್ಲಿ ಕಂಬಕ್ಕೆ ಒರಗದೆ ನೆಟ್ಟಗೆ ಕೂತು ಪೂರ್ತಿ ಕೇಳಿದರು. ಮುಗಿದ ಮೇಲೆ ಮಂಗಳಾರತಿ ತೆಗೆದುಕೊಂಡರು, ಪ್ರಸಾದಕ್ಕೆ ಎಲ್ಲರ ಹಿಂದೆ ನಿಂತು ಕೈಯೊಡ್ಡಿದರು. ಸಂಜೆಯ ಬಸ್ಸಿಗೆ ಇಬ್ಬರೂ ಊರಿಗೆ ಬಂದೆವು.